ಅಸುಮಾದು ಎಂದರೆ ದಂಡ

ಅಡಾಂಕ್ರೊ
೩ ಫೆಬ್ರವರಿ ೧೯೯೮

ಶ್ರೀ ಕ್ವಾಬೆನಾ ಅಸುಮಾದು ಅವರಿಗೆ,
ಅಧ್ಯಕ್ಷರು, ಅಡಾಂಕ್ರೊ ಊರವರ ಸಂಘ, ಅಕ್ರಾ ಶಾಖೆ.

ಮಾನ್ಯರೇ,

ವಿತ್ ರೆಫರೆನ್ಸ್ ಟು ದಿ ಅಬವ್. ಮೇಲೆ ಏನನ್ನೂ ಬರೆದಿಲ್ಲವೆಂಬುದು ಈಗ ಕಣ್ಣಿಗೆ ಬಿತ್ತು. ಆದರೆ ಅಧಿಕೃತ ಪತ್ರವನ್ನು ಹೀಗೆಯೇ ಶುರುಮಾಡಬೇಕೆಂದು ಕಾಲೇಜಿನಲ್ಲಿ ನಮ್ಮಿಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಕಲಿಸಿದ್ದರಿಂದ ತಾವು ಆಕ್ಷೇಪಿಸಲಾರಿರಿ.

ಕೋಜೊ ಟ್ವುಮಾಸಿ, ನಿವೃತ್ತ ಮೇಷ್ಟ್ರು, ಎಂಬ ನಾನು ಊರ ಅಭಿವೃದ್ಧಿ ಸಮಿತಿಗೆ ಮತ್ತೊಮ್ಮೆ ಕಾರ್ಯದರ್ಶಿಯಾಗಿದ್ದೇನೆ. ನಾವಿಬ್ಬರೂ ಮಾತು ಬಿಟ್ಟು ಹನ್ನೆರಡು ವರ್ಷವಾಯಿತು. ಅದು ಖಾಸಗಿ ವಿಷಯ. ಈ ಕಾಗದ ಅಧಿಕೃತ. ಅಧಿಕೃತ ಕಾಗದಕ್ಕೆ ಸಿಟ್ಟು ಸೆಡವು ಇರುವುದಿಲ್ಲ, ಮೊಹರು ಮಾತ್ರ ಇರುತ್ತದೆ.

ಸಂಗತಿ ಇಷ್ಟು. ಕಳೆದ ಶನಿವಾರ ನಮ್ಮ ದೊರೆ ನಾನಾ ಅವರ ಅಂಗಳದಲ್ಲಿ ಪುರಸಭೆಯವರು ಸಭೆ ಕರೆದಿದ್ದರು. ಹೊಸ ಇಂಜಿನಿಯರ್ ದೊಗ್ಬೆ ಎಂಬವರು ಬಂದಿದ್ದರು. ಸಣಕಲು ಮನುಷ್ಯ, ಜೇಬಿನಲ್ಲಿ ನಾಲ್ಕು ಪೆನ್ನು.

"ನೋಡ್ರಪ್ಪಾ, ಈ ವರ್ಷ ನಿಮ್ಮೂರಿಗೆ ಒಂದೇ ಒಂದು ಕೆಲಸ. ಏನು ಬೇಕು ಹೇಳಿ," ಎಂದರು.

ಹುಡುಗರು ಚೆಂಡಾಟದ ಬಯಲಿಗೆ ಮೆಟ್ಟಿಲು ಕೇಳಿದರು. ಪಾದ್ರಿಗಳು ಬೀದಿದೀಪ ಕೇಳಿದರು, ಅದೂ ಚರ್ಚಿನ ಬೀದಿಗೆ. ಒಬ್ಬ ಅಜ್ಜ ಎದ್ದು ರೈಲು ಬೇಕೆಂದ. ಆಗ ಮಾಮೆ ಪೊಕುವಾ ಎದ್ದಳು. ತಮಗೆ ನೆನಪಿರಬಹುದು, ಮಾರುಕಟ್ಟೆಯ ಟೊಮೇಟೊ ರಾಣಿ. ಅವಳು ಹೂಂ ಅನ್ನದೆ ಈ ಊರಲ್ಲಿ ಒಂದು ಟೊಮೇಟೊ ಕೂಡ ಬುಟ್ಟಿಯಿಂದ ಇಳಿಯುವುದಿಲ್ಲ.

"ರೈಲು ಹತ್ತೋಕೆ ಮೊದ್ಲು ಹಳ್ಳ ದಾಟ್ಬೇಕಲ್ಲ ಅಜ್ಜಾ," ಎಂದಳು. "ಮಾರ್ಕೆಟ್ಟು ಈಚೆ, ಆಸ್ಪತ್ರೆ ಆಚೆ, ನಡುವೆ ಒಂದು ಹಲಗೆ. ಮಳೆ ಬಂದ್ರೆ ಅದೂ ಇಲ್ಲ. ಬಸುರಿ ಹೆಂಗಸ್ರನ್ನ ಈಜಿಸ್ತೀರಾ? ಸೇತುವೆ ಬೇಕು. ಬರ್ಕೊಳ್ಳಿ."

ದೊಗ್ಬೆ ಬರೆದುಕೊಂಡರು. ಬರೆದಮೇಲೆ ಬಾಂಬು ಹಾಕಿದರು. "ನಾಲ್ಕರಲ್ಲಿ ಮೂರು ಪಾಲು ಪುರಸಭೆದು. ಒಂದು ಪಾಲು ಊರಿಂದು. ಸೆಪ್ಟೆಂಬರ್ ಮುಗಿಯೋದ್ರೊಳಗೆ ನಿಮ್ಮ ಪಾಲು ಬರ್ಲಿಲ್ಲ ಅಂದ್ರೆ ದುಡ್ಡು ಬ್ರೆಮಾಸೊ ಊರಿಗೆ ಹೋಗತ್ತೆ. ಅವ್ರು ಆಗ್ಲೇ ಮರಳು ಸುರ್ಕೊಂಡು ಕೂತಿದಾರೆ."

ಬ್ರೆಮಾಸೊ ಹೆಸರು ಕೇಳಿದ್ದೇ ಇಡೀ ಸಭೆಗೆ ಹೊಟ್ಟೆಕಿಚ್ಚು. ಆ ಬಿಸಿಯಲ್ಲಿ ನನ್ನ ಕಾಲುಗಳು ನನ್ನನ್ನು ಕೇಳದೆ ಎದ್ದು ನಿಂತವು. "ನಮ್ಮ ಪಾಲಿನಲ್ಲಿ ಅರ್ಧ ಅಕ್ರಾ ಶಾಖೆಯವರು ಕೊಡ್ತಾರೆ. ನಾನು ಜವಾಬ್ದಾರಿ," ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯಲ್ಲೇ ಕಾರ್ಯದರ್ಶಿಯೂ ಆದೆ. ಹಿಂದಿನಿಂದ ಯಾರೋ, "ಅಸುಮಾದು ಒಪ್ತಾರಾ?" ಎಂದರು. ಸಭೆ ನಕ್ಕಿತು. ಯಾಕೆ ನಕ್ಕಿತೋ ತಿಳಿಯಲಿಲ್ಲ.

ತಾವು ಒಪ್ಪದಿದ್ದರೆ ಸೇತುವೆ ಬ್ರೆಮಾಸೊದಲ್ಲಿ ಏಳುತ್ತದೆ. ಅವರಿಗೆ ಹಳ್ಳವೇ ಇಲ್ಲ. ಆದರೂ ಕಟ್ಟಿಕೊಳ್ಳುತ್ತಾರೆ, ಅವರ ಬುದ್ಧಿ ತಮಗೆ ಗೊತ್ತೇ ಇದೆ.

ಐ ಹ್ಯಾವ್ ದಿ ಆನರ್ ಟು ಬಿ, ಸರ್, ಯುವರ್ ಒಬೀಡಿಯೆಂಟ್ (ಮುಂದಿನ ಪದ ಮರೆತಿದೆ),

ಕೋಜೊ ಟ್ವುಮಾಸಿ
ಕಾರ್ಯದರ್ಶಿ


ಅಕ್ರಾ
೨೪ ಫೆಬ್ರವರಿ ೧೯೯೮

ಕಾರ್ಯದರ್ಶಿಗಳೇ,

ಕಾಗದ ತಲುಪಿತು. ಶಾಖೆಯ ಸದಸ್ಯರು ಸೇತುವೆಗೆ ಒಪ್ಪಿದ್ದಾರೆ. ಅಧ್ಯಕ್ಷ ಒಪ್ಪಿಲ್ಲ.

ಸಭೆ ನಕ್ಕದ್ದೇಕೆಂದು ತಮಗೆ ತಿಳಿಯಲಿಲ್ಲವಂತೆ. ತಿಳಿಸುತ್ತೇನೆ. ಹನ್ನೆರಡು ವರ್ಷದ ಹಿಂದೆ ನಾನು ಊರಿಗೊಂದು ವಾಚನಾಲಯವಾಗಲಿ ಎಂದು ಹಣ ಕಳಿಸಿದೆ. ಹೆಸರು ಕೆತ್ತಿದ ಕಲ್ಲನ್ನೂ ಕಳಿಸಿದೆ. ಕಟ್ಟಡ ಮುಗಿದಿದೆ, ಬನ್ನಿ ಎಂದು ಅಂದಿನ ಕಾರ್ಯದರ್ಶಿ ಬರೆದರು. ಅಂದಿನ ಕಾರ್ಯದರ್ಶಿಯೂ ತಾವೇ. ನಾನು ಹಬ್ಬದ ಕೆಂಟೆ ವಸ್ತ್ರ ಹೊದ್ದು, ಹೆಂಡತಿ ಮಕ್ಕಳ ಸಮೇತ, ಎರಡು ಪೆಟ್ಟಿಗೆ ಪುಸ್ತಕ ಹೊರಿಸಿಕೊಂಡು ಬಂದೆ. ಊರೆಲ್ಲ ಸೇರಿತ್ತು. ಪರದೆ ಎಳೆದೆ. ಕಲ್ಲಿನ ಮೇಲೆ 'ಕ್ವಾಬೆನಾ ಅಸುಮಾದು, ಮುಂದಿನ ಪೀಳಿಗೆಗೆ' ಎಂದಿತ್ತು. ಕಲ್ಲಿನ ಹಿಂದೆ ಹನ್ನೆರಡು ಬಾಗಿಲಿನ ಕಕ್ಕಸು ಇತ್ತು.

ಅಂದಿನಿಂದ ಅಡಾಂಕ್ರೊದಲ್ಲಿ ಹೊಟ್ಟೆ ಕೆಟ್ಟವರೆಲ್ಲ ಅಸುಮಾದುಗೆ ಹೋಗಿಬರುತ್ತಾರೆ. ಹೋದ ವರ್ಷ ನನ್ನ ಕಬ್ಬಿಣದ ಅಂಗಡಿಗೆ ಊರ ಕಡೆಯ ಒಬ್ಬ ಬಂದ. ಕ್ಷೇಮ ಸಮಾಚಾರ ಕೇಳಿದೆ. "ಎಲ್ಲಾ ಚೆನ್ನಾಗಿದೆ ಸ್ವಾಮಿ, ಅಸುಮಾದು ಮಾತ್ರ ತುಂಬ್ಬಿಟ್ಟಿದೆ, ಖಾಲಿ ಮಾಡಿಸ್ಬೇಕು," ಎಂದ. ಎದುರಿಗಿರುವವನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದು ಹೇಳಿದ್ದರೆ ಕ್ಷಮಿಸುತ್ತಿದ್ದೆ.

ನನ್ನ ಹೆಸರು ಆ ಗೋಡೆಯಿಂದ ಹೋಗಲಿ. ಊರ ಬಾಯಿಂದಲೂ ಹೋಗಲಿ. ಆಮೇಲೆ ಸೇತುವೆ.

ಕ್ವಾ. ಅ.


ಅಡಾಂಕ್ರೊ
೨೯ ಮಾರ್ಚ್ ೧೯೯೮

ಮಾನ್ಯ ಅಧ್ಯಕ್ಷರೇ,

ತಮ್ಮ ಪತ್ರವನ್ನು ಸಮಿತಿಯ ಮುಂದೆ ಓದಲಾಯಿತು. ಕಕ್ಕಸಿನ ಭಾಗ ಬಂದಾಗ ನಾನು ಕೆಮ್ಮಿದೆ, ಆದರೂ ಎಲ್ಲರಿಗೂ ಕೇಳಿಸಿತು.

ಮೊದಲು ಇತಿಹಾಸ. ಆ ವರ್ಷ ಆರೋಗ್ಯ ಇಲಾಖೆಯವರು ಬಂದು, ಕಕ್ಕಸಿಲ್ಲದಿದ್ದರೆ ಮಾರುಕಟ್ಟೆ ಮುಚ್ಚಿಸುತ್ತೇವೆ ಎಂದರು. ಕೈಯಲ್ಲಿ ತಮ್ಮ ಹಣ ಇತ್ತು. ಓದುವುದನ್ನು ಮುಂದೂಡಬಹುದು, ಇದನ್ನು ಮುಂದೂಡಲಾಗದು ಎಂದು ಸಮಿತಿ ತೀರ್ಮಾನಿಸಿತು. ತಿಳಿಸಿ ಬರೆದ ಕಾಗದವನ್ನು ಲಾರಿ ಡ್ರೈವರ್ ಕೈಗೆ ಕೊಟ್ಟಿದ್ದೆ. ಅವನು ಅದನ್ನು ಇನ್ನೂ ತಲುಪಿಸುತ್ತಿದ್ದಾನೆ. ಕಲ್ಲು ಬಂದಾಗಿತ್ತು, ಒಳ್ಳೆಯ ಕಲ್ಲು. ಬಿಸಾಡಲು ಯಾರಿಗೂ ಮನಸ್ಸು ಬರಲಿಲ್ಲ. ಗೌರವವೆಂದೇ ಹಾಕಿದೆವು. ಪುಸ್ತಕದ ಪೆಟ್ಟಿಗೆಗಳು ನನ್ನ ಮಂಚದ ಕೆಳಗೆ ಇವೆ. ಒಂದು ಹಾಳೆಯೂ ಹರಿದಿಲ್ಲ, ಬೇಕಾದರೆ ಬೈಬಲ್ ಮುಟ್ಟಿ ಹೇಳುತ್ತೇನೆ.

ಇರಲಿ. ನಮ್ಮ ಮಿಸ್ಟರ್ ಪ್ರೆಸ್ಕಾಟ್ ಕ್ಲಾಸಿನಲ್ಲಿ ಹೇಳುತ್ತಿದ್ದ ಇಂಗ್ಲಿಷ್ ವಾಕ್ಯವೊಂದು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಅದರ ಮೊದಲರ್ಧ ಮರೆತಿದೆ. ಎರಡನೆಯ ಅರ್ಧ 'ದೇರ್‌ಫೋರ್' ಎಂದು ಶುರುವಾಗುತ್ತದೆ. ದೇರ್‌ಫೋರ್, ಕಲ್ಲು ಕಿತ್ತೆವು.

ಗಾರೆಯವನು ಉಳಿ ಹಾಕಿದಾಗ ಮಾಮೆ ಪೊಕುವಾ ಬುಟ್ಟಿ ಬಿಸುಟು ಬಂದಳು. ಆ ಕಟ್ಟಡದ ಬೀಗದ ಕೈ ಮಾರುಕಟ್ಟೆ ಹೆಂಗಸರ ಪರವಾಗಿ ಅವಳ ಸೊಂಟದಲ್ಲೇ ಇರುವುದು.

"ಯಾರ್ರೀ ಅದು ಅಸುಮಾದು ಮೈಮೇಲೆ ಕೈ ಹಾಕಿದ್ದು?"

"ಸಮಿತಿ ತೀರ್ಮಾನ ತಾಯಿ," ಎಂದೆ.

"ನಿಮ್ಮ ಸಮಿತಿ ಒಂದಿನ ಬಂದು ಗುಡ್ಸಿದೆಯಾ ಇಲ್ಲಿ?"

"ಹೆಸರಿನವರಿಗೆ ಬೇಜಾರಾಗಿದೆ."

"ಅವ್ರಿಗ್ಯಾಕೆ ಬೇಜಾರು? ಅವ್ರೇನು ಸಾಲಲ್ಲಿ ನಿಂತಿದ್ರಾ?"

ಮುಂದುವರಿಸು ಎಂದು ಗಾರೆಯವನಿಗೆ ಕೈಸನ್ನೆ ಮಾಡಿದೆ. ಅವಳು ಈಗ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮಾತು ಬಿಟ್ಟವರ ಸಂಖ್ಯೆ ಎರಡಾಯಿತು.

ಇನ್ನು ಊರ ಬಾಯಿ. ನಾನಾ ಅವರ ಅಪ್ಪಣೆಯಂತೆ ಊರ ಡಂಗುರದವನು ಬೀದಿ ಬೀದಿ ತಿರುಗಿ ಜಾಗಟೆ ಬಡಿದ. ಒಕ್ಕಣೆ ನನ್ನದೇ: 'ಮಾರುಕಟ್ಟೆ ಹತ್ತಿರದ ಸಾರ್ವಜನಿಕ ಶೌಚಾಲಯವನ್ನು ಇನ್ನು ಮುಂದೆ ಯಾರೂ ಅಸುಮಾದು ಎನ್ನತಕ್ಕದ್ದಲ್ಲ. ಅಸುಮಾದು ಎಂದರೆ ದಂಡ. ದಂಡ ಒಂದು ಕೆಂಕೆ ಹಿಟ್ಟಿನುಂಡೆಯ ಬೆಲೆ. ದಂಡದ ಹಣ ಸೇತುವೆಗೆ.' ಒಕ್ಕಣೆ ಸ್ಪಷ್ಟವಾಗಿರಬೇಕೆಂದು ತಮ್ಮ ಹೆಸರನ್ನು ಎರಡು ಸಲ ಹಾಕಿದ್ದೆ. ಬೀದಿ ಇಪ್ಪತ್ತು. ಸಂಜೆಗೆ ಡಂಗುರದವನಿಗೇ ನಲವತ್ತು ಸಲದ ದಂಡ ಹಾಕಬೇಕೆಂದು ಹುಡುಗರು ಪಟ್ಟು ಹಿಡಿದರು. ಸಮಿತಿ ಮನ್ನಿಸಿತು.

ಹೀಗೆ ತಮ್ಮ ಎರಡೂ ಷರತ್ತು ಪೂರೈಸಿವೆ. ಹಣ ಯಾವಾಗ?

ತಮ್ಮ ಆಜ್ಞೆಯನ್ನು ಅಕ್ಷರಶಃ ಪಾಲಿಸಿದ,
ಕೋಜೊ ಟ್ವುಮಾಸಿ


ಅಕ್ರಾ
೧೮ ಏಪ್ರಿಲ್ ೧೯೯೮

ಕೋಜೊ,

ನಿಮ್ಮ ಡಂಗುರ ಅಕ್ರಾಗೆ ನಿಮ್ಮ ಕಾಗದಕ್ಕಿಂತ ಮೊದಲೇ ಬಂತು. ಶಾಖೆಯ ಸಭೆಯಲ್ಲಿ ಹಾಜರಿ ಕೂಗುವಾಗ ನನ್ನ ಹೆಸರು ಬಂದರೆ ಖಜಾಂಚಿ ಟೋಪಿ ಹಿಡಿದು ದಂಡ ಎತ್ತುತ್ತಾನೆ. ಗೊತ್ತಿಲ್ಲದಿದ್ದವರಿಗೂ ಗೊತ್ತಾಯಿತು. ನಿಮ್ಮ ಬದಲು ನನ್ನ ಶತ್ರುವಿಗೆ ಕೆಲಸ ಒಪ್ಪಿಸಿದ್ದರೆ ಅವನೂ ಇಷ್ಟು ಶ್ರದ್ಧೆಯಿಂದ ಮಾಡುತ್ತಿರಲಿಲ್ಲ.

ನೀವು ಕೇಳದ ಒಂದು ಮಾತನ್ನು ಇವತ್ತು ಬರೆಯುತ್ತೇನೆ. ಇನ್ನೊಮ್ಮೆ ಬರೆಯುವುದಿಲ್ಲ.

ನಿಮ್ಮ ಹೆಂಡತಿ ಅಫುವಾಳ ಉತ್ತರಕ್ರಿಯೆಗೆ ನಾನು ಬರಲಿಲ್ಲವೆಂದು ಊರು ಆಡಿಕೊಂಡಿತು. ನೀವು ಆಡಿಕೊಳ್ಳಲಿಲ್ಲವೆಂದೂ ಕೇಳಿದೆ. ನಾನು ಬಂದಿದ್ದೆ. ಕರಿಬಟ್ಟೆ ಉಟ್ಟು, ಬೆಳಗಿನ ಬಸ್ಸು ಹತ್ತಿ ಬಂದಿದ್ದೆ. ನಾವಿಬ್ಬರೂ ಜಗಳವಾಡಿದಾಗಲೆಲ್ಲ ಒಂದೇ ಬಟ್ಟಲಲ್ಲಿ ಫುಫು ಬಡಿಸಿ, ಕೈ ಹಾಕುವವರೆಗೆ ಎದುರಲ್ಲೇ ಕೂರುತ್ತಿದ್ದವಳು ಅವಳು. ಬಸ್ಸು ನಮ್ಮ ಮಾರುಕಟ್ಟೆ ಮುಂದೆ ನಿಂತಿತು. ಕಂಡಕ್ಟರ್ ಕೂಗಿದ. "ಅಸುಮಾದು! ಅಸುಮಾದು ಇಳಿಯೋರು ಬನ್ನಿ, ಬೇಗ, ಬೇಗ." ಹಿಂದಿನ ಸೀಟಿನ ಹುಡುಗಿಯರು ನಕ್ಕರು. ಸುಮ್ಮನೆ ನಕ್ಕರು, ನನ್ನನ್ನು ನೋಡಿ ಅಲ್ಲ.

ಉತ್ತರಕ್ರಿಯೆಯಲ್ಲಿ ಮೈಕ್ ಹಿಡಿದವನು ಬಂದವರ ಹೆಸರನ್ನೆಲ್ಲ ಕೂಗುತ್ತಾನೆ. ನನ್ನದನ್ನೂ ಕೂಗುತ್ತಾನೆ. ಜನ ನಗುತ್ತಾರೆ. ಅಫುವಾ ಮಲಗಿರುವಲ್ಲಿ ಜನ ನಗುವುದು ನನಗೆ ಬೇಡವಾಗಿತ್ತು. ಕೂತೇ ಇದ್ದೆ. ಬ್ರೆಮಾಸೊದಲ್ಲಿ ಇಳಿದು, ವಾಪಸು ಬಸ್ಸು ಹತ್ತಿದೆ.

ಹಣದ ವಿಷಯ ಆಮೇಲೆ.

ಕ್ವಾಬೆನಾ


ಅಡಾಂಕ್ರೊ
೯ ಜೂನ್ ೧೯೯೮

ಕ್ವಾಬೆನಾ,

ನಿಮ್ಮ ಕಾಗದಕ್ಕೆ ಮೂರು ಸಲ ಉತ್ತರ ಬರೆದೆ. ಮೂರೂ 'ವಿತ್ ರೆಫರೆನ್ಸ್' ಎಂದು ಶುರುವಾದವು. ಹರಿದುಹಾಕಿದೆ.

ಮಳೆ ಹಿಡಿದಿದೆ. ಹಲಗೆ ಹೋಯಿತು. ಈಗ ತಾಳೆಮರದ ದಿಂಡು ಹಾಕಿದ್ದಾರೆ, ಅದು ಕಾಲಿಟ್ಟರೆ ಉರುಳುತ್ತದೆ. ಪಾದ್ರಿಗಳು ಎರಡು ಸಲ ಬಿದ್ದರು. ಈಗ ಬೀದಿದೀಪದ ಸುದ್ದಿ ಎತ್ತುತ್ತಿಲ್ಲ.

ಅಫುವಾಳನ್ನು ಕೊನೆಯ ಸಲ ಆಸ್ಪತ್ರೆಗೆ ಕರೆದೊಯ್ದದ್ದು ಹಳ್ಳದೊಳಗಿಂದಲೇ. ಅವತ್ತೂ ಹಲಗೆ ಹೋಗಿತ್ತು. ಬೆನ್ನ ಮೇಲೆ ಹೊತ್ತಿದ್ದೆ, ನೀರು ಸೊಂಟದವರೆಗಿತ್ತು. ನಡುನೀರಿನಲ್ಲಿ ಅವಳು, "ಮೇಷ್ಟ್ರೇ, ಕೆಳಗೆ ಹಾಕೀರಿ, ನನ್ನ ಒಳ್ಳೇ ಉಡುಪು ಇದು," ಎಂದಳು. ಹಾಕಲಿಲ್ಲ. ಸುತ್ತುದಾರಿಯಲ್ಲಿ ಹೋಗಿದ್ದರೆ, ಬೇಗ ಹೋಗಿದ್ದರೆ ಎಂದು ಜನ ಏನೇನೋ ಹೇಳುತ್ತಾರೆ. ಇದು ಅರ್ಜಿಯಲ್ಲಿ ಬರೆಯುವ ವಿಷಯವಲ್ಲ. ಅರ್ಜಿಯಲ್ಲಿ 'ಸಾರ್ವಜನಿಕ ಅನನುಕೂಲತೆ' ಎಂದು ಬರೆದಿದ್ದೇನೆ.

ಈಗ ವಿಚಿತ್ರ ಸುದ್ದಿ. ಸೇತುವೆಗೆಂದು ಚರ್ಚಿನಲ್ಲಿ ವಾರದ ದಿನಗಳ ಪ್ರಕಾರ ಪೈಪೋಟಿ ಕಾಣಿಕೆ ಇಟ್ಟೆವು. ಸೋಮವಾರ ಹುಟ್ಟಿದವರು ಒಂದು ಕಡೆ, ಮಂಗಳವಾರದವರು ಒಂದು ಕಡೆ, ಹೀಗೆ. ಬುಧವಾರದವರು ಗೆದ್ದರು, ಆದರೆ ಗೆದ್ದ ಹಣದಲ್ಲಿ ಒಂದು ಮೂಟೆ ಸಿಮೆಂಟೂ ಬರುವಂತಿರಲಿಲ್ಲ. ಡಬ್ಬಿ ತುಂಬಿದ್ದು ಬೇರೆ ಕಡೆ. ದಂಡದಲ್ಲಿ.

ಯಾರಿಗೂ ನಿಮ್ಮ ಹೆಸರು ಬಿಡಲಾಗುತ್ತಿಲ್ಲ. ಸಾರ್ವಜನಿಕ ಶೌಚಾಲಯ ಎಂದು ಹೇಳಿ ಮುಗಿಸುವಷ್ಟು ಪುರುಸೊತ್ತು ಆ ಹೊತ್ತಿನಲ್ಲಿ ಯಾರಿಗಿರುತ್ತದೆ? ಮೊದಲ ದಂಡ ತೆತ್ತವರು ಸ್ವತಃ ನಾನಾ. ತೀರ್ಪು ಕೊಡುತ್ತಾ ಕೊಡುತ್ತಾ ಎದ್ದು, "ಇರಿ, ಅಸುಮಾದುಗೆ ಹೋಗ್ಬರ್ತೀನಿ," ಎಂದರು. ಸಭೆ ಬಿಡಲಿಲ್ಲ. ಈಗ ಉಳ್ಳವರಿಗೆ ಅದೊಂದು ಷೋಕಿ. ಚರ್ಚಿನ ಬಾಗಿಲಲ್ಲಿ ನಿಂತು ಬೇಕೆಂದೇ ಮೂರು ಸಲ ಹೇಳಿ, ನೋಟು ಬೀಸಿ ಹಾಕುತ್ತಾರೆ. ಕಸಾಯಿ ಅಂಗಡಿಯವನು ತಿಂಗಳ ಮುಂಗಡ ಕಟ್ಟಿದ್ದಾನೆ. "ಇನ್ನು ಬಾಯಿತುಂಬಾ ಹೇಳ್ತೀನಿ, ಯಾರು ಕೇಳ್ತಾರೆ ನೋಡೋಣ," ಎನ್ನುತ್ತಾನೆ.

ಡಬ್ಬಿ ಮಾಮೆ ಪೊಕುವಾ ಹತ್ತಿರ ಇದೆ. ಅವಳಿನ್ನೂ ನನ್ನನ್ನು ಮಾತಾಡಿಸುವುದಿಲ್ಲ. ಆದರೆ ಡಬ್ಬಿಯನ್ನು ನನ್ನ ಕಿವಿಯ ಹತ್ತಿರ ತಂದು ಅಲ್ಲಾಡಿಸಿ ಹೋಗುತ್ತಾಳೆ.

ದೊಗ್ಬೆ ಅವರ ಫಾರಂನಲ್ಲಿ 'ಸಮುದಾಯದ ಪಾಲಿನ ಆದಾಯ ಮೂಲ' ಎಂಬ ಕಲಂ ಇತ್ತು. ಯೋಚಿಸಿ ಯೋಚಿಸಿ 'ಉಚ್ಚಾರಣೆ' ಎಂದು ತುಂಬಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಆಮೇಲೆ ಮೊಹರು ಒತ್ತಿದರು.

ಬಸ್ಸಿನ ವಿಷಯ. ಅವತ್ತು ಮೈಕಿನವನು ನಿಮ್ಮ ಹೆಸರು ಕೂಗಿದ್ದರೆ ಯಾರಾದರೂ ನಗುತ್ತಿದ್ದರೋ ಏನೋ. ನನಗಂತೂ ಅವತ್ತು ಯಾರ ಹೆಸರೂ ಕೇಳಿಸಲಿಲ್ಲ.

ಕೋಜೊ


ಅಕ್ರಾ
೩೦ ಜುಲೈ ೧೯೯೮

ಕೋಜೊ,

ಶಾಖೆಯ ಪಾಲು ಸಿದ್ಧವಿದೆ. ಊರಿನ ಪಾಲನ್ನು ನನ್ನ ಹೆಸರೇ ದುಡಿಯುತ್ತಿರುವಾಗ ನಾನು ಕೈಕಟ್ಟಿ ಕೂತರೆ ನನ್ನ ಹೆಸರಿನ ಮುಂದೆ ನಾನೇ ಸಣ್ಣವನಾಗುತ್ತೇನೆ.

ನಕ್ಷೆ ನೋಡಿದೆ. ದೊಗ್ಬೆ ಅವರು ಒಳ್ಳೆಯವರಿರಬಹುದು, ಆದರೆ ಸೇತುವೆಗೆ ಕೈಕಂಬಿ ಹಾಕಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು ಏನು ಹಿಡಿದುಕೊಳ್ಳಬೇಕು, ಗಾಳಿಯನ್ನೇ? ಕಂಬಿ ನನ್ನ ಅಂಗಡಿಯಿಂದ ಬರುತ್ತದೆ. ಸೇತುವೆಯ ಮೇಲೆ ಯಾರ ಹೆಸರೂ ಬೇಡ.

ನಾನು ಬರುವುದಿಲ್ಲ. ಹಣ ಬರುತ್ತದೆ. ಇಬ್ಬರೂ ಬರಬೇಕೆಂದೇನಿಲ್ಲ.

ಕ್ವಾಬೆನಾ


ಅಡಾಂಕ್ರೊ
೨ ಸೆಪ್ಟೆಂಬರ್ ೧೯೯೮

ಕ್ವಾಬೆನಾ,

ಇಬ್ಬರೂ ಬರಬೇಕಂತೆ.

ದೊಗ್ಬೆ ಅವರ ಕಾಲು ಹಿಡಿಯುವುದೊಂದು ಬಾಕಿ. "ಹಣ ಕೊಡೋ ಸಂಘದ ಅಧ್ಯಕ್ಷರು ಖುದ್ದಾಗಿ ಬಂದು ನನ್ನೆದುರು ಸಹಿ ಹಾಕ್ಬೇಕು ಮೇಷ್ಟ್ರೇ," ಎಂದರು. "ಹಿಂದೊಂದ್ಸಲ ಈ ಊರಲ್ಲಿ ಒಬ್ರು ಯಾವುದಕ್ಕೋ ದುಡ್ಡು ಕಳ್ಸಿ, ಕಟ್ಟಿದ್ದು ಇನ್ಯಾವುದೋ ಆಗಿತ್ತಂತೆ. ಅದಾದ್ಮೇಲೆ ಈ ನಿಯಮ ಬಂದಿದೆ."

ನಾನು ನೆಲ ನೋಡಿದೆ. ಆ ನಿಯಮ ನಮ್ಮಿಬ್ಬರ ಕೂಸು, ಮಾರಾಯ.

ಕೊನೆಯ ದಿನ ಸೆಪ್ಟೆಂಬರ್ ಮೂವತ್ತು, ಬುಧವಾರ, ಕಚೇರಿ ಮುಚ್ಚುವುದರೊಳಗೆ. ಬ್ರೆಮಾಸೊದವರು ಒ‌ಬ್ಬನನ್ನು ಈಗಾಗಲೇ ಪುರಸಭೆಯ ಮೆಟ್ಟಿಲ ಮೇಲೆ ಕೂರಿಸಿದ್ದಾರೆ. ಕಡಲೆಕಾಯಿ ತಿನ್ನುತ್ತಾ ನನ್ನನ್ನು ನೋಡಿ ನಗುತ್ತಾನೆ.

ನೀವು ಬ್ರೆಮಾಸೊದಲ್ಲೇ ಇಳಿಯಿರಿ. ನಾನು ಬಾಡಿಗೆ ಕಾರು ಮಾಡಿಕೊಂಡು ಬಂದು, ಹಿಂದಿನ ದಾರಿಯಿಂದ ನೇರ ಕಚೇರಿಗೆ ಕರೆದುಕೊಂಡು ಹೋಗುತ್ತೇನೆ. ಮಾರುಕಟ್ಟೆ ಕಣ್ಣಿಗೇ ಬೀಳದ ಹಾಗೆ. ಒಬ್ಬರ ಬಾಯಿಂದ ಒಂದು ಮಾತು ಕೇಳದ ಹಾಗೆ.

ಇದು ಅಧಿಕೃತ ಅಲ್ಲ.

ಕೋಜೊ


ಅಕ್ರಾ
೧೧ ಅಕ್ಟೋಬರ್ ೧೯೯೮

ಕೋಜೊ,

ಬ್ರೆಮಾಸೊದಲ್ಲಿ ನೀನು ಎರಡು ಗಂಟೆ ಕಾರಿನಲ್ಲಿ ಬೆವರುತ್ತಾ ಕಾದದ್ದಕ್ಕೆ ಕ್ಷಮೆ ಕೇಳಿದ್ದೆ. ಯಾಕೆ ಅಲ್ಲಿಗೆ ಬರಲಿಲ್ಲ, ಸಹಿ ಹಾಕುವಾಗ ಯಾಕೆ ಒಬ್ಬನೇ ನಗುತ್ತಿದ್ದೆ ಎಂದು ನೀನು ಕೇಳಿದೆ. ದೊಗ್ಬೆ ಎದುರು ಹೇಳಲಾಗಲಿಲ್ಲ. ಆಮೇಲೆ ಪ್ಯಾಂಟು ಮಡಚಿ ಹಳ್ಳ ದಾಟಿ ಅಫುವಾಳ ಹತ್ತಿರ ಹೋದೆವಲ್ಲ, ಅಲ್ಲಿ ಹೇಳುವ ವಿಷಯ ಅದಾಗಿರಲಿಲ್ಲ. ಅಲ್ಲಿ ನೀನು ಗೋರಿಯ ಮೇಲಿನ ಹುಲ್ಲು ಕಿತ್ತೆ, ನಾನೂ ಕಿತ್ತೆ. ಸರಿಯಾಯಿತು.

ಈಗ ಹೇಳುತ್ತೇನೆ. ನಾನು ಬ್ರೆಮಾಸೊಗೆಂದೇ ಟಿಕೆಟ್ ತೆಗೆದಿದ್ದೆ. ಆದರೆ ದಾರಿಯಲ್ಲಿ ವಾಚೆ ತಿಂದೆ. ಅನ್ನ ಬೆಂದಿತ್ತು, ಕಾಳು ಬೆಂದಿರಲಿಲ್ಲ. ಅಡಾಂಕ್ರೊ ಇನ್ನೂ ಅರ್ಧ ಗಂಟೆ ಇದೆ ಎನ್ನುವಾಗಲೇ ಹೊಟ್ಟೆ ಕಿವಿ ಹಿಂಡತೊಡಗಿತು. ಮಾರುಕಟ್ಟೆ ಬಂತು. ಕಂಡಕ್ಟರ್ ಕೂಗಲಿಲ್ಲ. ನಿನ್ನ ದಂಡದ ಭಯ. ಎರಡು ಬೆರಳಿನಿಂದ ಮೂಗು ಹಿಡಿದು ನಿಂತ. ಅರ್ಧ ಬಸ್ಸು ಎದ್ದಿತು. ನಾನೂ ಎದ್ದೆ. ಧೈರ್ಯದಿಂದ ಎದ್ದೆನೆಂದು ಬೇರೆಯವರಿಗೆ ಹೇಳು.

ಟೊಮೇಟೊ ಬುಟ್ಟಿಗಳ ನಡುವೆ ಒಬ್ಬಳು ದೊಡ್ಡ ಹೆಂಗಸು ಕೂತಿದ್ದಳು.

"ಅಮ್ಮಾ, ಇಲ್ಲಿ... ಎಲ್ಲಿದೆ?" ಎಂದೆ.

"ಏನು ಎಲ್ಲಿದೆ ಅಪ್ಪಾ?"

"ಅದೇ. ಸಾರ್ವಜನಿಕ ಜಾಗ."

"ಇಡೀ ಮಾರ್ಕೆಟ್ಟೇ ಸಾರ್ವಜನಿಕ. ಹೆಸ್ರಿಟ್ಟು ಕೇಳಿ."

"ತಾಯಿ, ಅರ್ಜೆಂಟು."

"ಅರ್ಜೆಂಟಿರೋರೇ ಹೆಸ್ರು ಹೇಳೋದು. ಅದ್ರಿಂದ್ಲೇ ನಮ್ಗೆ ಸೇತುವೆ ಆಗೋದು."

ಕೋಜೊ, ನಾನು ಹೇಳಿದೆ. ನಮ್ಮೂರ ಮಾರುಕಟ್ಟೆಯ ನಡುವೆ ನಿಂತು, ಹಗಲು ಹೊತ್ತಿನಲ್ಲಿ, ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿದೆ. "ಅಸುಮಾದು."

ಅವಳು ಡಬ್ಬಿ ಮುಂದೆ ಹಿಡಿದಳು. "ದಂಡ."

"ಅದು ನನ್ನ ಹೆಸ್ರಮ್ಮಾ."

"ಹೋದ್ವಾರ ಒಬ್ಬ ನಮ್ಮಜ್ಜನ ಹೆಸ್ರು ಅಂದ. ಅವನ ಹತ್ರಾನೂ ಇಸ್ಕೊಂಡೆ. ಹಾಕಿ, ಹಾಕಿ, ನಿಮ್ಮ ಮುಖ ನೋಡಿದ್ರೆ ಚೌಕಾಸಿ ಮಾಡೋ ಹಾಗಿಲ್ಲ."

ಹಾಕಿದೆ. ಓಡಿದೆ.

ಆಮೇಲೆ ಸಾವಕಾಶವಾಗಿ ನೋಡಿದೆ. ಹನ್ನೆರಡು ಬಾಗಿಲು, ಹನ್ನೆರಡಕ್ಕೂ ಚಿಲಕ. ಸುಣ್ಣ ಹೊಸದು. ಪೀಪಾಯಿಯಲ್ಲಿ ನೀರು, ಅದರ ಮೇಲೆ ಮುಚ್ಚಳ. ನನ್ನ ಅಂಗಡಿಯದು ಇಷ್ಟು ಚೊಕ್ಕಟ ಇಲ್ಲ. ಗೋಡೆಯಲ್ಲಿ ಕಲ್ಲು ಕಿತ್ತ ಗುಳಿ ಮಾತ್ರ ಹಲ್ಲು ಬಿದ್ದ ಬಾಯಿಯ ಹಾಗೆ ಇತ್ತು.

ಹೊರಗೆ ಬಂದಾಗ ಅವಳು ನನ್ನನ್ನೇ ನೋಡುತ್ತಿದ್ದಳು. "ನಿಜವಾಗ್ಲೂ ನೀವೇನಾ?" ಎಂದಳು. ಹೌದೆಂದೆ. ಕ್ಷಮೆ ಕೇಳುತ್ತಾಳೆ ಅಂದುಕೊಂಡೆ. ಅವಳು ಬೈಯಲು ಶುರುಮಾಡಿದಳು. "ಪುರಸಭೆಯೋರು ಈ ಊರಲ್ಲಿ ಮೂರು ಕಕ್ಕಸು ಕಟ್ಸಿದ್ರು. ಒಂದ್ರಲ್ಲಿ ಆಡು ಕಟ್ತಾರೆ, ಒಂದು ಬಿದ್ದೋಯ್ತು, ಇನ್ನೊಂದು ಎಲ್ಲಿತ್ತು ಅಂತ್ಲೇ ಗೊತ್ತಿಲ್ಲ. ಸಾರ್ವಜನಿಕ ಅಂತ ಬರೆದಿದ್ರು, ಅದಕ್ಕೇ ಯಾರೂ ಗುಡಿಸ್ಲಿಲ್ಲ. ಇದು ಒಬ್ಬ ಮನುಷ್ಯಂದು ಅಂತ ನಾವು ಗುಡಿಸಿದ್ವಿ. ನಮ್ಮ ಅಸುಮಾದುನ ಹೊಲಸಾಗಿ ಬಿಡೋದುಂಟಾ? ನೀವು ನೋಡಿದ್ರೆ ಅಕ್ರಾದಲ್ಲಿ ಕೂತ್ಕೊಂಡು ಮುಖ ಸಿಂಡರಿಸ್ತೀರಿ."

ಹೆಸರು ಹೇಳಿದ್ದು ನೆನಪಾಗಿ, ಸೆರಗಿನ ಗಂಟು ಬಿಚ್ಚಿ ತಾನೂ ಡಬ್ಬಿಗೆ ಒಂದು ಹಾಕಿದಳು.

ಅದಕ್ಕೇ ನಗುತ್ತಿದ್ದೆ. ನನ್ನ ಹೆಸರು ಹೇಳಿದ್ದಕ್ಕೆ ನನಗೇ ದಂಡ ಹಾಕಿದ ಊರಿನ ಸೇತುವೆಗೆ ಸಹಿ ಹಾಕುತ್ತಿದ್ದೆ. ದೊಗ್ಬೆ, "ಪೂರ್ತಿ ಹೆಸರು ಹೇಳಿ ಸಾರ್," ಎಂದಾಗ ಜೇಬಿಗೆ ಕೈ ಹೋಗಿತ್ತು.

ದಂಡ ನಿಲ್ಲಿಸು. ಕಲ್ಲನ್ನು ಎಲ್ಲಿತ್ತೋ ಅಲ್ಲೇ ಇಡು.

ನಿನ್ನ,
ಕ್ವಾಬೆನಾ


ಅಡಾಂಕ್ರೊ
೨೧ ಫೆಬ್ರವರಿ ೧೯೯೯

ಕ್ವಾಬೆನಾ,

ಇನ್ ದಿ ಲೈಟ್ ಆಫ್ ದಿ ಫೋರ್‌ಗೋಯಿಂಗ್, ಐ ಆಮ್ ಡೈರೆಕ್ಟೆಡ್. ನನ್ನನ್ನು ಡೈರೆಕ್ಟ್ ಮಾಡಿದವರು ಯಾರೂ ಇಲ್ಲ, ಆದರೆ ಇಷ್ಟು ವಾಕ್ಯ ಪೂರ್ತಿ ನೆನಪಾಗುವುದು ಅಪರೂಪ, ಹಾಗಾಗಿ ಬರೆದೆ.

ಕಲ್ಲು ಕೂರಿಸಿ ನಾಲ್ಕು ತಿಂಗಳಾಯಿತು. ಮಾಮೆ ಪೊಕುವಾ ಎದುರೇ ನಿಂತು, "ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ," ಎಂದು ಗಾರೆಯವನ ಪ್ರಾಣ ತೆಗೆದಳು. ನನ್ನನ್ನು ಮತ್ತೆ ಮಾತಾಡಿಸುತ್ತಾಳೆ. ಮಾತಾಡಿಸದೆ ಇದ್ದಾಗ ಸುಖವಾಗಿದ್ದೆ.

ದಂಡ ನಿಲ್ಲಿಸುವುದು ಮಾತ್ರ ಸುಲಭವಾಗಲಿಲ್ಲ. ಸಮಿತಿಯಲ್ಲಿ ದೊಡ್ಡ ಗಲಾಟೆ. ಇಷ್ಟು ಒಳ್ಳೆಯ ಆದಾಯ ಬಿಡಬಾರದು, ಮುಂದಿನ ವರ್ಷ ಚರಂಡಿಗೆ ಬೇಕು ಎಂದು ಪಾದ್ರಿಗಳೇ ವಾದಿಸಿದರು. ಕಸಾಯಿ ಅಂಗಡಿಯವನು ಮುಂಗಡ ವಾಪಸು ಕೇಳಿದ. ಕೊನೆಗೆ ನಾನಾ ಎದ್ದು, "ಈ ವಯಸ್ಸಲ್ಲಿ ನನಗೆ ತಡ್ಕೊಳ್ಳೋಕಾಗಲ್ಲ, ದಂಡ ರದ್ದು," ಎಂದರು.

ನಿನ್ನೆ ಸೇತುವೆ ತೆರೆಯಿತು. ಕಲ್ಲಿಲ್ಲ, ಪರದೆಯಿಲ್ಲ. ದೊಗ್ಬೆ ಭಾಷಣಕ್ಕೆಂದು ಕಾಗದ ತೆಗೆಯುವಷ್ಟರಲ್ಲಿ ಪೊಕುವಾಳ ಹೆಂಗಸರು ಬುಟ್ಟಿ ಹೊತ್ತು ಹೊರಟೇಬಿಟ್ಟಿದ್ದರು. ಮೊದಲು ದಾಟಿದ್ದು ಟೊಮೇಟೊ. ಒಂದು ಕೈ ಬುಟ್ಟಿಯ ಮೇಲೆ, ಒಂದು ಕೈ ನಿನ್ನ ಕಂಬಿಯ ಮೇಲೆ. ದೊಗ್ಬೆ ಕಾಗದ ಮಡಚಿ ಜೇಬಿಗಿಟ್ಟು ಅವರ ಹಿಂದೆ ನಡೆದರು. ಬ್ರೆಮಾಸೊದಿಂದಲೂ ಕೆಲವರು ನೋಡಲು ಬಂದಿದ್ದರು. ಚೆನ್ನಾಗಿಲ್ಲ ಎಂದು ಹೇಳಿ, ಎರಡೆರಡು ಸಲ ದಾಟಿ ಹೋದರು.

ಸಂಜೆ ಜನವೆಲ್ಲ ಚದುರಿದ ಮೇಲೆ ನಾನೂ ಹೋದೆ. ಈ ತುದಿಯಿಂದ ಆ ತುದಿಗೆ, ಆಸ್ಪತ್ರೆ ಬಾಗಿಲವರೆಗೆ. ಎಷ್ಟು ಹತ್ತಿರ, ಕ್ವಾಬೆನಾ. ಒಂದು ಹಾಡು ಹೇಳಿ ಮುಗಿಸುವುದರೊಳಗೆ ತಲುಪಿಬಿಟ್ಟೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ. ತಿರುಗಿ ಬಂದೆ. ಮತ್ತೆ ಹೋದೆ.

ಮೂರನೇ ಸಲ ಬರುವಾಗ ಪೊಕುವಾ ಬುಟ್ಟಿ ಜೋಡಿಸುತ್ತಾ ಈಚೆ ದಡದಿಂದ ಕೂಗಿದಳು. "ಏನ್ ಮೇಷ್ಟ್ರೇ, ಮೊದಲ್ನೇ ದಿನಾನೇ ಸೇತುವೆ ಸವೆಸ್ತೀರಾ?"

"ತಪಾಸಣೆ ತಾಯಿ, ತಪಾಸಣೆ," ಎಂದೆ.

ಅವಳು ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ಬುಟ್ಟಿಯ ಕಡೆ ತಿರುಗಿದಳು. "ಹಾಗಾದ್ರೆ ಸರಿಯಾಗಿ ಮಾಡಿ. ಇನ್ನೊಂದ್ಸಲ ಹೋಗ್ಬನ್ನಿ," ಎಂದಳು.

ಹೋದೆ. ಕಾಲು ಒದ್ದೆಯಾಗಲಿಲ್ಲ.

ನಿನ್ನ,
ಕೋಜೊ